ಕಕ್ಕಡದ ಮಳೆಯಲ್ಲಿ ನಾಯಿ ಫುಡ್ಡು: ಚೀಲವೋ, ಸ್ಟೀಲ್ ಡ್ರಮ್ಮೋ, ಪ್ಲಾಸ್ಟಿಕ್ ಡಬ್ಬವೋ?

ಕೊಡಗಿನಲ್ಲಿ ಕಕ್ಕಡವೆಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು. ಉಪ್ಪಿನ ಭರಣಿಯಲ್ಲಿ ನೀರು ನಿಂತ ವಾರವೇ ನಮ್ಮ ನಾಯಿ ಕರಿಯ ಊಟ ಬಿಟ್ಟ. ತಟ್ಟೆ ಮೂಸಿದ, ನನ್ನ ಮುಖ ನೋಡಿದ, ಎದ್ದು ಹೋಗಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಸುತ್ತಿಕೊಂಡು ಮಲಗಿದ. ಉಣ್ಣಿ ಜ್ವರವೇ ಇರಬೇಕೆಂದು ಕಿವಿ, ಕಂಕುಳು ಎಲ್ಲ ತಡಕಿದೆ. ಸಿಕ್ಕಿದ್ದು ಎರಡು ಜಿಗಣೆ. ರಾತ್ರಿ ಮೂಳೆ ಸಾರು ಕಲಸಿದ ಅನ್ನ ಇಟ್ಟರೆ ತಟ್ಟೆ ತೊಳೆಯುವ ಕೆಲಸವೇ ಉಳಿಯದಂತೆ ನೆಕ್ಕಿದ. ಆಗ ಅನುಮಾನ ಬಂದು ಅವನ ಫುಡ್ಡಿನ ಚೀಲಕ್ಕೆ ಕೈ ಹಾಕಿದೆ.

10 ಕೆ.ಜಿ. ಚೀಲ. ಜೂನ್ ಎರಡನೇ ವಾರ ಬಾಯಿ ಕತ್ತರಿಸಿದ್ದು, ಆಗ ಆಗಸ್ಟ್ ಮೊದಲ ವಾರ. ಇನ್ನೂ ಅರ್ಧ ಉಳಿದಿತ್ತು. ಒತ್ತಿದರೆ ಟಕ್ಕೆಂದು ಮುರಿಯಬೇಕಾದ ಕಾಳು ಬೆರಳ ನಡುವೆ ಬಾಗಿತು. ಹಳೇ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ. ಚೀಲವನ್ನು ಹಳೇ ಪೇಪರಿನ ಮೇಲೆ ತಲೆಕೆಳಗು ಮಾಡಿ ಸುರಿದರೆ ತಳದ ಮೂಲೆಯಿಂದ ಹತ್ತಾರು ಕಾಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗಿ ಉರುಳಿದವು, ಮೈತುಂಬ ಹಸಿರು-ಬೂದು ಬೂಷ್ಟು. ದೊಡ್ಡ ಚೀಲ ತಂದರೆ ಕೆ.ಜಿ.ಗೆ ಇಷ್ಟು ಉಳಿಯಿತು ಎಂದು ಲೆಕ್ಕ ಹಾಕಿ ತಂದವಳು ನಾನೇ. ಅರ್ಧ ಚೀಲ ಗುಂಡಿಗೆ ಹೋದ ಮೇಲೆ ಆ ಲೆಕ್ಕ ಯಾರಿಗೂ ಹೇಳಲಿಲ್ಲ.

ಅಂದಿನಿಂದ ಮನೆಯವರೂ ನೆಂಟರೂ ಈ ವಿಷಯಕ್ಕೆ ನನ್ನನ್ನೇ ಹುಡುಕುತ್ತಾರೆ. ಮಡಿಕೇರಿಯ ಚಿಕ್ಕಮ್ಮನ ಮಗಳು, "ಅಕ್ಕಾ, ಸ್ಟೀಲ್ ತಗೊಳ್ಳಲಾ ಪ್ಲಾಸ್ಟಿಕ್ ತಗೊಳ್ಳಲಾ?" ಅಂತಾಳೆ. ಗೋಣಿಕೊಪ್ಪದ ಭಾವನಿಗೆ ಫ್ರಿಜ್ಜಿನಲ್ಲಿ ಇಡಬಹುದೇ ಎಂಬ ಪ್ರಶ್ನೆ. ತೋಟದಲ್ಲಿ ಐದು ನಾಯಿ ಸಾಕಿರುವ ಪಕ್ಕದ ಮನೆಯ ಅಂಕಲ್‌ಗೆ ಇದೆಲ್ಲ ತಮಾಷೆ: "ನಮ್ಮ ಕಾಲದಲ್ಲಿ ನಾಯಿಗೆ ಪೆಡಿಗ್ರಿ ಎಲ್ಲಿತ್ತಮ್ಮ?" ನಮ್ಮ ಕಡೆ ಯಾವ ಕಂಪನಿಯ ಫುಡ್ಡಾದರೂ ಅದು ಪೆಡಿಗ್ರಿಯೇ, ಅದು ಬೇರೆ ಮಾತು. ಈ ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವುದನ್ನು ನೋಡಬೇಕು

ಡಬ್ಬದ ಅಂಗಡಿಗೆ ಹೋಗುವ ಮುಂಚೆ ಒಂದು ಭಾಗಾಕಾರ ಮಾಡಿ. ಚೀಲದ ತೂಕವನ್ನು ನಿಮ್ಮ ನಾಯಿ ದಿನಕ್ಕೆ ತಿನ್ನುವ ತೂಕದಿಂದ ಭಾಗಿಸಿ. ಬಂದ ಉತ್ತರ 30 ದಿನದೊಳಗೆ ಇದ್ದರೆ ಯಾವ ಡಬ್ಬವೂ ಬಹುಮಟ್ಟಿಗೆ ನಡೆಯುತ್ತದೆ. 45 ದಾಟಿದರೆ ಎಷ್ಟು ದುಬಾರಿ ಡಬ್ಬ ತಂದರೂ ಮಳೆಗಾಲದಲ್ಲಿ ಅನುಮಾನವೇ. ಚೀಲದ ಮೇಲೆ ಅಚ್ಚು ಹಾಕಿರುವ ವರ್ಷ, ಒಂದೂವರೆ ವರ್ಷದ ಅವಧಿ ಬಾಯಿ ಬಿಚ್ಚದ ಚೀಲದ್ದು. ಕತ್ತರಿ ಹಾಕಿದ ದಿನದಿಂದ ಅದು ಲೆಕ್ಕಕ್ಕಿಲ್ಲ. ನಾಲ್ಕರಿಂದ ಆರು ವಾರ, ಅದೂ ಸರಿಯಾಗಿ ಮುಚ್ಚಿಟ್ಟರೆ.

ಆಮೇಲೆ ತೇವ. ಒಣ ಫುಡ್ಡು ಕಾರ್ಖಾನೆಯಿಂದ ಹೊರಬೀಳುವಾಗ ಅದರಲ್ಲಿರುವ ನೀರು ನೂರಕ್ಕೆ ಹತ್ತರ ಆಸುಪಾಸು. ಕಾಫಿ ಬೆಳೆಗಾರರಿಗೆ ಈ ಸಂಖ್ಯೆ ಹೊಸದಲ್ಲ, ಪಾರ್ಚ್‌ಮೆಂಟನ್ನೂ (ಹಣ್ಣಿನ ಸಿಪ್ಪೆ ಸುಲಿದ ಕಾಫಿ) ಚೆರಿಯನ್ನೂ (ಹಣ್ಣಾಗಿಯೇ ಒಣಗಿಸಿದ್ದು) ಕಣದಲ್ಲಿ ಹತ್ತು-ಹನ್ನೊಂದಕ್ಕೆ ಇಳಿಸಿಯೇ ಚೀಲ ಕಟ್ಟುತ್ತೇವೆ. ಕಾಫಿ ಮಳೆಗಾಲದಲ್ಲಿ ಗಾಳಿಯ ತೇವ ಕುಡಿಯುವ ಹಾಗೆ ಇದೂ ಕುಡಿಯುತ್ತದೆ. ಗಾಳಿಯ ಆರ್ದ್ರತೆ ನೂರಕ್ಕೆ 75 ದಾಟಿದರೆ ಉಪ್ಪು ನೀರೊಡೆಯುತ್ತದೆ. ಬೂಷ್ಟಿಗೆ 70ರ ಆಸುಪಾಸೇ ಸಾಕು. ಹಾಗಾಗಿ ಮೀಟರ್ ಕೊಳ್ಳಬೇಕಾಗಿಲ್ಲ. ಅಡುಗೆಮನೆಯ ಉಪ್ಪು ಬೆವರಿದ ದಿನದಿಂದ, ಮುಚ್ಚಳ ಸರಿಯಿಲ್ಲದ ಫುಡ್ಡೂ ನೀರು ಕುಡಿಯುತ್ತಿದೆ ಎಂದೇ ತಿಳಿಯಿರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಒಂದೇ ಜಿಲ್ಲೆಯಾದರೂ ಇವರಿಗೆ ಹೇಳುವ ಸಲಹೆ ಅವರಿಗೆ ಹೊಂದುವುದಿಲ್ಲ.

ಮೂರನೆಯದು ಕೊಬ್ಬು. ಕಾಳು ಬೆಂದು ಒಣಗಿದ ಮೇಲೆ ಅದರ ಮೈಗೆ ಕೊಬ್ಬು, ಎಣ್ಣೆ ಸಿಂಪಡಿಸುತ್ತಾರೆ. ನಾಯಿಗೆ ರುಚಿ ಅದೇ. ಆ ಕೊಬ್ಬಿಗೆ ಗಾಳಿ, ಬಿಸಿ, ಬೆಳಕು ತಾಗಿದಷ್ಟೂ ಬೇಗ ಕಮಟು ಹಿಡಿಯುತ್ತದೆ. ಕಮಟಾಗದಿರಲಿ ಎಂದು ವಿಟಮಿನ್ ಇ ತರಹದ್ದನ್ನು ಸೇರಿಸಿರುತ್ತಾರೆ, ಅದೂ ದಿನ ಕಳೆದಂತೆ ಸವೆಯುತ್ತದೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವುದು 80 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇರುವ ಒಣ ಜಾಗ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27. ತಂಪು ನಮಗೆ ಪುಕ್ಕಟೆ. ಒಣ ಜಾಗವೇ ಕಷ್ಟ.

ಇಲಿ, ಇರುವೆ, ನುಸಿ, ಜಿರಳೆ ಇದ್ದದ್ದೇ. ಕಣ್ಣಿಗೆ ಕಾಣದ ಒಂದು ಜಾತಿಯ ಹುಳವೂ ತೇವ ಹಿಡಿದ ಫುಡ್ಡಿನಲ್ಲಿ ಬೆಳೆಯುತ್ತದೆ, ಕೆಲವು ನಾಯಿಗಳ ತುರಿಕೆಗೆ ಅದೇ ಕಾರಣ. ಇಲಿಯನ್ನು ಮಾತ್ರ ಸದರ ಮಾಡಬೇಡಿ. ಮಳೆಗಾಲದ ಇಲಿ ಜ್ವರ ಇಲಿ ಮೂತ್ರದಿಂದ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ.

ಕೊನೆಯದನ್ನು ನಾನು ತಡವಾಗಿ ಕಲಿತೆ: ತೊಳೆದ ಡಬ್ಬ ಒಣಗುತ್ತದೆಯೇ? ಕಕ್ಕಡದಲ್ಲಿ ಒಳ ಉಡುಪೇ ಒಣಗುವುದಿಲ್ಲ, ಇನ್ನು 25 ಲೀಟರಿನ ಡಬ್ಬದ ಒಳಮೂಲೆ ಎಲ್ಲಿಂದ ಒಣಗಬೇಕು!

ಬೂಷ್ಟಿನ ವಿಷಯ ಯಾಕಿಷ್ಟು ಗಂಭೀರ

ಕೆಲವು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ನೇರ ನಾಯಿಯ ಯಕೃತ್ತಿಗೆ ಹೊಡೆಯುತ್ತದೆ. ಊಟ ಬಿಡುವುದು, ಮಂಕು, ವಾಂತಿ, ಕಣ್ಣು-ಒಸಡು ಹಳದಿಯಾಗುವುದು ಇದರ ಲಕ್ಷಣ. ಇಷ್ಟು ಕಂಡರೆ ಮನೆಮದ್ದು ಬೇಡ, ಚೀಲದ ಸಮೇತ ಪಶುವೈದ್ಯರ ಹತ್ತಿರ ಹೋಗಿ. 2020ರ ಕೊನೆಯಿಂದ 2021ರ ಜನವರಿಯೊಳಗೆ ಅಮೆರಿಕದಲ್ಲಿ ಇದೇ ವಿಷ ಸೇರಿದ ಫುಡ್ಡು ತಿಂದು 70ಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಎಫ್‌ಡಿಎಗೆ ಬಂದಿತ್ತು. ಅದು ಯಾರ ಮನೆಯ ಡಬ್ಬದಲ್ಲೂ ಹುಟ್ಟಿದ್ದಲ್ಲ, ಚೀಲದಲ್ಲೇ ಬಂದದ್ದು. ಯಾವ ಚೀಲಗಳನ್ನು ಬಳಸಬಾರದು ಎಂದು ಜನ ಗುರುತಿಸಿದ್ದು ಚೀಲದ ಮೇಲಿನ ಲಾಟ್ ನಂಬರಿನಿಂದ, ಎಂದರೆ ಒಟ್ಟಿಗೆ ತಯಾರಾದ ಚೀಲಗಳಿಗೆ ಹಾಕುವ ಗುರುತಿನ ಸಂಖ್ಯೆಯಿಂದ. ಚೀಲ ಬಿಸಾಕಬೇಡಿ ಎಂದು ಮುಂದೆ ನಾನು ಮತ್ತೆ ಮತ್ತೆ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು ಇಲ್ಲೇ ಮುಗಿಸುತ್ತೇನೆ. ಬೂಷ್ಟು ಹಿಡಿದ ಫುಡ್ಡನ್ನು ಬಿಸಿಲಿಗೆ ಹಾಕಿ ಜಾಡಿಸಿದರೆ, ತವಾದ ಮೇಲೆ ಹುರಿದರೆ, ಸಾರಿನಲ್ಲಿ ಕುದಿಸಿದರೆ ವಿಷ ಹೋಗುವುದಿಲ್ಲ. ಬೂಷ್ಟು ಸಾಯುತ್ತದೆ, ಬಿಟ್ಟ ವಿಷ ಹಾಗೇ ಉಳಿಯುತ್ತದೆ. "ನಾಯಿಗೆ ಬೇಡ, ಕೋಳಿಗೆ ಹಾಕೋಣ" ಅನ್ನುವವರೂ ಇದ್ದಾರೆ. ಈ ವಿಷ ಪತ್ತೆಯಾದದ್ದೇ 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ. ಬಾತುಕೋಳಿ ಮರಿಗಳಂತೂ ಇನ್ನೂ ನಾಜೂಕು. ಆಳವಾಗಿ ಹೂತುಬಿಡಿ.

ತಂದ ಚೀಲವನ್ನೇ ಮಡಚಿ ಕ್ಲಿಪ್ ಹಾಕುವುದು

ಖರ್ಚು ಹತ್ತು ರೂಪಾಯಿ, ಬಟ್ಟೆ ಕ್ಲಿಪ್ಪಿನದು. ಇದನ್ನು ಕೀಳಾಗಿ ಕಾಣಬೇಡಿ. ಚೀಲದ ಒಳಪದರ ಇರುವುದೇ ಕೊಬ್ಬು ಹೊರಗೆ ಜಿನುಗದಂತೆ, ತೇವ ಒಳಗೆ ಬಾರದಂತೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ನಡೆಯುವ ಆ ಒಣ ದಿನಗಳಲ್ಲಿ, ಗಾಳಿ ಒತ್ತಿ ತೆಗೆದು ಬಾಯನ್ನು ಮೂರು ಸುತ್ತು ಮಡಚಿ ಎರಡು ಕ್ಲಿಪ್ ಹಾಕಿದರೆ ಬೇರೇನೂ ಬೇಕಿಲ್ಲ. ಕುಶಾಲನಗರ, ಶನಿವಾರಸಂತೆ ಕಡೆಯವರಿಗೆ ಮಳೆಗಾಲದಲ್ಲೂ ಸಣ್ಣ ಚೀಲಕ್ಕೆ ಇದು ಸಾಕಾಗಬಹುದು.

ತೊಂದರೆ ಎರಡು. ಇಲಿಗೆ ಈ ಚೀಲ ಒಂದು ರಾತ್ರಿಯ ಕೆಲಸ. ಮತ್ತೆ, ಕೆಲವು ದೊಡ್ಡ ಚೀಲಗಳಿಗೆ ಪೇರಿಸಿದಾಗ ಗಾಳಿ ಹೊರಹೋಗಲೆಂದು ಸೂಜಿಮೊನೆಯಷ್ಟು ತೂತು ಬಿಟ್ಟಿರುತ್ತಾರೆ. ನೀವು ಬಾಯಿ ಎಷ್ಟೇ ಬಿಗಿ ಮಾಡಿದರೂ ಅಲ್ಲಿಂದ ತೇವ ಒಳಗೆ ಬಂದೇ ಬರುತ್ತದೆ. ನನ್ನ ಕರಿಯನ ಚೀಲ ಕೆಟ್ಟದ್ದು ಹೀಗೇ ಇರಬೇಕು. ಜೊತೆಗೆ ನೆಲ: ಅದನ್ನು ರೆಡ್ ಆಕ್ಸೈಡ್ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ಮಳೆಗಾಲದಲ್ಲಿ ಆ ನೆಲ ಬೆವರುತ್ತದೆ ಅಂತ ಗೊತ್ತಿದ್ದೂ! ಗೋದಾಮಿನಲ್ಲಿ ಕಾಫಿ ಚೀಲಕ್ಕೆ ಹಲಗೆ ಹಾಸಿ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸುವ ಬುದ್ಧಿ ನಾಯಿ ಫುಡ್ಡಿಗೆ ಬರಲಿಲ್ಲ.

ಸುರಿಯುವ ಪ್ಲಾಸ್ಟಿಕ್ ಡಬ್ಬ

ನೋಡಲು ಚೆಂದ. ಒಳಗೆ ಎಷ್ಟಿದೆ ಎಂದು ಕಾಣುತ್ತದೆ, ಅಳತೆ ಲೋಟ ಜೊತೆಗೇ ಬರುತ್ತದೆ, ಕೆಲವಕ್ಕೆ ಗಾಲಿ ಬೇರೆ. ಸಾವಿರದಿಂದ ಎರಡೂವರೆ ಸಾವಿರದವರೆಗೆ ಬೆಲೆ. ಚೀಲ ಕತ್ತರಿಸಿ ಇದಕ್ಕೆ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಕೊಬ್ಬು ಪ್ಲಾಸ್ಟಿಕ್ಕಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ಗೀರುಗಳಲ್ಲಿ ಕೂರುತ್ತದೆ. ಹಳೇ ಚೀಲದ ಕಮಟು ಹೊಸ ಚೀಲಕ್ಕೆ ಹತ್ತುತ್ತದೆ. ಪ್ರತಿ ಸಲ ಖಾಲಿಯಾದಾಗ ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಬೇಕು, ಜುಲೈನಲ್ಲಿ ಅದು ಆಗದ ಹೋಗದ ಮಾತು. ಚಿಕ್ಕಮ್ಮನ ಮಗಳು ಹೇರ್ ಡ್ರೈಯರ್ ಹಿಡಿದು ಡಬ್ಬ ಒಣಗಿಸುತ್ತಿದ್ದಾಗ ಅರ್ಧದಲ್ಲಿ ಕರೆಂಟು ಹೋದ ಕಥೆ ಈಗಲೂ ಮನೆಯಲ್ಲಿ ಓಡುತ್ತದೆ. ಲಾಟ್ ನಂಬರು, ತಾರೀಕು ಎಲ್ಲ ಚೀಲದ ಜೊತೆ ಕಸಕ್ಕೆ ಹೋಗುವುದು ಇನ್ನೊಂದು ನಷ್ಟ.

ಅದೇ ಡಬ್ಬದೊಳಗೆ ಚೀಲವನ್ನು ಚೀಲವಾಗಿಯೇ ಇಳಿಸಿ ಬಾಯಿ ಮಡಚಿ ಮುಚ್ಚಿದರೆ ಕಥೆ ಬೇರೆ. ಕೊಬ್ಬು ಡಬ್ಬಕ್ಕೆ ತಾಗುವುದಿಲ್ಲ, ತೊಳೆಯುವ ಕೆಲಸ ವರ್ಷಕ್ಕೊಂದು ಸಲ, ಬಿಸಿಲಿದ್ದಾಗ. ಚೀಲ ಖಾಲಿಯಾದರೆ ಎತ್ತಿ ಹೊಸದು ಇಳಿಸಿದರಾಯಿತು. ನಾನು ಈಗ ಮಾಡುವುದು ಇದನ್ನೇ. ನನ್ನ ಅಭಿಪ್ರಾಯ ಕೇಳಿದರೆ ಮಳೆ ಜಾಸ್ತಿ ಇರುವ ಕಡೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಡಬ್ಬದ ಮುಚ್ಚಳಕ್ಕೆ ರಬ್ಬರ್ ವಾಶರ್ ಇರಬೇಕು, ಎರಡು ಅಥವಾ ನಾಲ್ಕು ಕಡೆ ಒತ್ತಿ ಕೂರುವ ಲಾಕ್ ಇರಬೇಕು. ಸುಮ್ಮನೆ ಮೇಲೆ ಕೂರುವ ಮುಚ್ಚಳಕ್ಕೆ ದುಡ್ಡು ಕೊಡಬೇಡಿ.

ವಾಶರ್ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ನಾನು ಹೋದ ಮಳೆಗಾಲದಲ್ಲಿ ಹಪ್ಪಳ ಇಟ್ಟು ನೋಡಿದೆ. ಕೆಂಡದಲ್ಲಿ ಸುಟ್ಟ ಹಪ್ಪಳ, ಮೂರು ಸಮ ತುಂಡು. ಒಂದು ಕ್ಲಿಪ್ ಹಾಕಿದ ಖಾಲಿ ಚೀಲದಲ್ಲಿ, ಒಂದು ಅಜ್ಜಿಯ ಕಾಲದ ಸ್ಟೀಲ್ ಡ್ರಮ್ಮಿನಲ್ಲಿ, ಒಂದು ವಾಶರ್ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ. ಮೂರನೇ ದಿನ ಚೀಲದ ಹಪ್ಪಳ ಬಟ್ಟೆಯ ಹಾಗೆ ಮಡಚಿತು. ಐದನೇ ದಿನ ಡ್ರಮ್ಮಿನದು ಮುರಿಯಲಿಲ್ಲ, ಬಾಗಿತು. ಡಬ್ಬದ್ದು ಎಂಟನೇ ದಿನವೂ ಚಟ್ ಅಂದಿತು, ಅದನ್ನು ಕರಿಯನೇ ತಿಂದ. ಹೊಸ ಡಬ್ಬ ತಂದವರು ಫುಡ್ಡು ತುಂಬುವ ಮುಂಚೆ ಒಂದು ವಾರ ಹಪ್ಪಳ ಇಟ್ಟು ನೋಡಿ. ಪೆಟ್ಟಿಗೆಯ ಮೇಲೆ ಏರ್‌ಟೈಟ್ ಎಂದು ಬರೆಯಲು ಯಾರೂ ಶುಲ್ಕ ಕೇಳುವುದಿಲ್ಲವಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಈ ಫುಡ್ಡು ಹಗುರ. ಒಂದು ಲೀಟರ್ ಜಾಗಕ್ಕೆ ಹಿಡಿಯುವುದು ಸುಮಾರು 400 ಗ್ರಾಂ. ಎಂದರೆ 10 ಕೆ.ಜಿ.ಗೆ 25 ಲೀಟರ್, ಚೀಲದ ಸಮೇತ ಇಳಿಸಲು 30. ಅಂಗಡಿಯವರು ಡಬ್ಬವನ್ನು ಅಕ್ಕಿಯ ಲೆಕ್ಕದಲ್ಲಿ ಹೇಳುತ್ತಾರೆ, ಅವರ 10 ಕೆ.ಜಿ. ಡಬ್ಬದಲ್ಲಿ ನಿಮ್ಮ ಚೀಲ ಅರ್ಧವೂ ಕೂರುವುದಿಲ್ಲ. 10 ಕೆ.ಜಿ. ಫುಡ್ಡಿಗೆ 25 ಕೆ.ಜಿ. ಅಕ್ಕಿ ಹಿಡಿಯುವಷ್ಟು ದೊಡ್ಡದು ಕೇಳಿ. 3 ಕೆ.ಜಿ. ಚೀಲಕ್ಕೆ 10 ಲೀಟರ್ ಧಾರಾಳ.

ಸ್ಟೀಲ್ ಡ್ರಮ್

ಇಲಿಗೆ ಇದರಷ್ಟು ಗಟ್ಟಿ ಉತ್ತರ ಬೇರೆ ಇಲ್ಲ. ವಾಸನೆ ಹಿಡಿಯುವುದಿಲ್ಲ, ಬೆಳಕು ಬಿಡುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಬಹಳ ಮನೆಗಳಲ್ಲಿ ಅಟ್ಟದ ಮೇಲೆ ಒಂದು ಖಾಲಿ ಬಿದ್ದಿರುತ್ತದೆ, ಹಾಗಾದರೆ ಖರ್ಚೂ ಇಲ್ಲ. ಹೊಸದಾದರೆ ಪ್ಲಾಸ್ಟಿಕ್ಕಿಗಿಂತ ಸ್ವಲ್ಪ ಮೇಲೆ. ಹಪ್ಪಳ ತೋರಿಸಿದ ಹಾಗೆ ಅದರ ದೋಷ ಮುಚ್ಚಳದಲ್ಲಿದೆ. ಅದಕ್ಕೆ ಅಮ್ಮಂದಿರ ಉಪಾಯವೇ ಪರಿಹಾರ: ಬಾಯಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಮುಚ್ಚಳ ಅದುಮುವುದು. ಚೀಲ ಒಳಗೆ ಹಾಗೇ ಇರಲಿ. ವಾಶರ್ ಡಬ್ಬದಷ್ಟು ಬಿಗಿಯಾಗದಿದ್ದರೂ ಮೂರು ವಾರದಲ್ಲಿ ಖಾಲಿ ಮಾಡುವ ಮನೆಗೆ ಸಾಕು.

15 ಕೆ.ಜಿ. ಎಣ್ಣೆಯ ತಗಡಿನ ಡಬ್ಬ ಬೇಡ. ಒಂದೇ ಮಳೆಗಾಲಕ್ಕೆ ಅಂಚು ತುಕ್ಕು ಹಿಡಿಯುತ್ತದೆ, ಎಷ್ಟು ತೊಳೆದರೂ ಹಳೇ ಎಣ್ಣೆ ಮೂಲೆಯಲ್ಲಿ ಉಳಿದಿರುತ್ತದೆ.

ತೋಟದವರಿಗೆ ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಪೇಂಟಿನ ಬಕೆಟ್ಟು, ಗೊಬ್ಬರ ಬಂದ ಚೀಲದ ಒಳಹಾಳೆ, ಔಷಧಿ ಬಂದ ನೀಲಿ ಡ್ರಮ್ಮು, ಇವನ್ನು ಎಷ್ಟೇ ಉಜ್ಜಿ ತೊಳೆದಿದ್ದರೂ ಮುಟ್ಟಬೇಡಿ. ಹಾಗೇ, ಮೈಲುತುತ್ತ, ಸುಣ್ಣ, ಯೂರಿಯಾ, ಸ್ಪ್ರೇ ಔಷಧಿ, ಇಲಿ ಪಾಷಾಣ ಇಡುವ ಸ್ಟೋರಿನಲ್ಲಿ ನಾಯಿ ಫುಡ್ಡಿಗೆ ಜಾಗವಿಲ್ಲ. "ಬೀಗ ಹಾಕಿರುತ್ತೆ, ಇಲಿಯೂ ಬರಲ್ಲ" ಅಂತ ಅಲ್ಲೇ ಇಡುವವರನ್ನು ಕಂಡಿದ್ದೇನೆ. ಇಲಿ ಬಾರದ್ದು ಯಾಕೆ ಅಂತ ಯೋಚಿಸಬೇಕಲ್ಲ!

ಗಾಜಿನ ಜಾಡಿ, ಭರಣಿ, ವಾರದ ಪಾಲು

ಸಣ್ಣ ನಾಯಿಯ ಮನೆಗೆ ನನಗೆ ಇಷ್ಟವಾದ ಪದ್ಧತಿ. ದೊಡ್ಡ ಚೀಲವನ್ನು ದಿನಕ್ಕೆ ಎರಡು ಸಲ ತೆರೆಯುವ ಬದಲು ಭಾನುವಾರ ಒಮ್ಮೆ ತೆರೆದು ವಾರದ ಪಾಲನ್ನು ವಾಶರ್ ಇರುವ ಜಾಡಿಗೆ ಹಾಕುವುದು. ಜಾಡಿ ಚಿಕ್ಕದು, ತೊಳೆದು ಒಲೆಯ ಪಕ್ಕ ಕವುಚಿಟ್ಟರೆ ಒಣಗುತ್ತದೆ. ಎರಡು ಜಾಡಿ ಇದ್ದರೆ ಒಂದು ಬಳಕೆಗೆ, ಒಂದು ಒಣಗಲು. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ಉಪ್ಪಿನಕಾಯಿಯ ಪಿಂಗಾಣಿ ಭರಣಿಯೂ ಆಗಬಹುದಿತ್ತು, ಅದರ ಮುಚ್ಚಳ ಸಡಿಲ.

ಲೆಕ್ಕ ಮಾಡಿದರೆ ಡಬ್ಬ ತೆರೆಯುವುದಕ್ಕಿಂತ ಒದ್ದೆ ಲೋಟ ಅಪಾಯ. 20 ಡಿಗ್ರಿಯಲ್ಲಿ ತೇವ ತುಂಬಿ ತುಳುಕುವ 25 ಲೀಟರ್ ಗಾಳಿಯಲ್ಲಿ ಇರುವ ನೀರು ಅರ್ಧ ಗ್ರಾಮೂ ಇಲ್ಲ. ತೊಳೆದು ಜಾಡಿಸಿದ ಅಳತೆ ಲೋಟದ ತಳದಲ್ಲಿ ಅದಕ್ಕಿಂತ ಹೆಚ್ಚು ನಿಂತಿರಬಹುದು, ಅದೆಲ್ಲ ನಾಲ್ಕು ಕಾಳಿನ ಮೇಲೇ ಬೀಳುತ್ತದೆ. ಬೂಷ್ಟು ಶುರುವಾಗುವುದು ಅಲ್ಲಿ. ಲೋಟವನ್ನು ಡಬ್ಬದ ಹೊರಗೆ ಮೊಳೆಗೆ ನೇತುಹಾಕಿ, ಒರೆಸಿಯೇ ಒಳಗೆ ಹಾಕಿ. ನಾಯಿಯ ತಟ್ಟೆಯಿಂದಲೇ ಮೊಗೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಜೊಲ್ಲು ಎಲ್ಲ ಚೀಲಕ್ಕೆ ಹೋಗುತ್ತದೆ.

ಫ್ರಿಜ್ಜು, ಫ್ರೀಜರು, ಒಲೆಯ ಮೇಲಿನ ಅಟ್ಟ

ಗೋಣಿಕೊಪ್ಪದ ಭಾವನಿಗೆ ಫ್ರಿಜ್ಜು ಬೇಡ ಎಂದೆ. ತಣ್ಣಗಿರುವ ಚೀಲವನ್ನು ದಿನಾ ಹೊರಗೆ ತೆಗೆದರೆ ಅಡುಗೆಮನೆಯ ಹಬೆ ಕಾಳಿನ ಮೇಲೆ ಬೆವರಾಗಿ ಕೂರುತ್ತದೆ. ಅದನ್ನು ಮತ್ತೆ ಒಳಗಿಟ್ಟರೆ ತೇವವನ್ನು ನಾವೇ ಕೂಡಿಹಾಕಿದಂತೆ. ಫ್ರೀಜರ್ ಹಾಗಲ್ಲ. ವಾರದ ಪಾಲನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ ಹಾಕಿ, ಬೇಕಾದ ಕವರನ್ನು ಬಾಯಿ ಬಿಚ್ಚದೆ ಹೊರಗಿನ ಬಿಸಿಗೆ ಪೂರ್ತಿ ಬಂದ ಮೇಲೆ ತೆರೆದರೆ ಕಮಟೂ ಇಲ್ಲ, ಹುಳವೂ ಇಲ್ಲ. ಅಲರ್ಜಿ ತುರಿಕೆಯ ನಾಯಿಗೆ ಕೆಲವು ವೈದ್ಯರು ಇದನ್ನೇ ಹೇಳುತ್ತಾರೆ. ಆದರೆ ಮರ ಬಿದ್ದು ಕಂಬ ಮುರಿದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಫ್ರೀಜರ್ ನಂಬುವುದು ನಿಮ್ಮ ಧೈರ್ಯ. ಹಂದಿ ಮಾಂಸಕ್ಕೇ ಅಲ್ಲಿ ಜಾಗ ಸಾಲದು.

ಹಿರಿಯರು ಸೂಚಿಸುವುದು ಒಲೆಯ ಮೇಲಿನ ಅಟ್ಟ. ತೇವಕ್ಕೆ ಅದು ಸರಿಯೇ, ಮನೆಯಲ್ಲಿ ಮಳೆಗಾಲದಲ್ಲೂ ಒಣಗಿರುವ ಜಾಗ ಅದೊಂದೇ. ಮೆಣಸಿಗೆ, ಬಿತ್ತನೆ ಬೀಜಕ್ಕೆ ಒಳ್ಳೆಯದು. ಮೈಗೆ ಕೊಬ್ಬು ಹಚ್ಚಿಕೊಂಡ ಕಾಳಿಗೆ ದಿನವಿಡೀ ಬಿಸಿ ತಾಗಿದರೆ ಬೂಷ್ಟು ಬರುವ ಮುಂಚೆ ಕಮಟು ಬರುತ್ತದೆ. ಅಟ್ಟದ ಮೇಲೆ ಬೇಡ, ಒಲೆಯಿರುವ ಕೋಣೆಯ ಎದುರು ಮೂಲೆಯಲ್ಲಿ, ಹಲಗೆಯ ಮೇಲೆ. ನಮ್ಮ ಡಬ್ಬ ಇರುವುದು ಅಲ್ಲೇ. ಕಾಫಿ ಪುಡಿಯನ್ನು ಮಾತ್ರ ಅದರ ಪಕ್ಕ ಇಡಬೇಡಿ, ಕಾಫಿ ಯಾವ ವಾಸನೆಯನ್ನಾದರೂ ಹೀರುತ್ತದೆ.

ಬಿಡಿ ತೂಕದ ಫುಡ್ಡು

ಅಂಗಡಿಯಲ್ಲಿ ದೊಡ್ಡ ಚೀಲ ಬಿಚ್ಚಿಟ್ಟು ಅರ್ಧ ಕೆ.ಜಿ., ಒಂದು ಕೆ.ಜಿ. ತೂಗಿ ಕೊಡುತ್ತಾರೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ, ಹೊಸ ಬ್ರ್ಯಾಂಡ್ ನಾಯಿಗೆ ಹಿಡಿಸುತ್ತದೋ ನೋಡಲು ಅನುಕೂಲ. ಮಳೆಗಾಲದಲ್ಲಿ ನಾನು ತರುವುದಿಲ್ಲ. ಆ ಚೀಲ ಯಾವಾಗ ಬಿಚ್ಚಿದ್ದು ಎಂದು ಕೇಳಿದರೆ "ನಿನ್ನೆ ಮೇಡಂ" ಎಂಬ ಉತ್ತರ ಯಾವತ್ತೂ ಸಿದ್ಧವಾಗಿರುತ್ತದೆ. ಒಮ್ಮೆ ತಂದ ಬಿಡಿ ಪೊಟ್ಟಣದಲ್ಲಿ ಬಲೆ ಕಟ್ಟಿದ ಹುಳವೂ ಇತ್ತು.

ಯಾರಿಗೆ ಯಾವುದು

ಮಡಿಕೇರಿಯ ತಂಗಿಯದು ಎಂಟು ಕೆ.ಜಿ. ತೂಗುವ ಪಗ್. ದಿನಕ್ಕೆ ಸುಮಾರು 125 ಗ್ರಾಂ, 3 ಕೆ.ಜಿ. ಚೀಲ 24 ದಿನ. ಅವಳಿಗೆ ದೊಡ್ಡ ಡಬ್ಬವೇ ಬೇಡ. 3 ಕೆ.ಜಿ. ಚೀಲ, 10 ಲೀಟರಿನ ವಾಶರ್ ಡಬ್ಬ, ಎರಡು ಜಾಡಿ. ಕೆ.ಜಿ. ಲೆಕ್ಕದಲ್ಲಿ ಚಿಕ್ಕ ಚೀಲ ದುಬಾರಿ ಎಂದು ಗೊಣಗಿದಳು. ನಿಜ. 10 ಕೆ.ಜಿ. ತಂದರೆ 80 ದಿನ, ಕೊನೆಯ 30 ದಿನದ ಫುಡ್ಡು ಬಿಸಾಕಿದರೆ ಯಾವುದು ದುಬಾರಿ ಎಂದು ಅವಳೇ ಲೆಕ್ಕ ಹಾಕಲಿ.

ಭಾವನದು 30 ಕೆ.ಜಿ. ತೂಗುವ ಲ್ಯಾಬ್ರಡಾರ್, ಪೂರ್ತಿ ಒಣ ಫುಡ್ಡಿನ ಮೇಲೇ ಇದೆ, ದಿನಕ್ಕೆ 350 ಗ್ರಾಂ. 10 ಕೆ.ಜಿ. ಒಂದು ತಿಂಗಳೂ ಬರುವುದಿಲ್ಲ. ಅಲ್ಲಿ 10 ಕೆ.ಜಿ. ಚೀಲವನ್ನೇ ವಾಶರ್ ಡಬ್ಬಕ್ಕೆ ಇಳಿಸುವುದು ಸರಿ. ಲಾಕ್ ಗಟ್ಟಿಯಿರಲಿ, ಲ್ಯಾಬ್ ಜಾತಿಗೆ ಮುಚ್ಚಳ ತೆರೆಯುವುದು ಯಾರೂ ಹೇಳಿಕೊಡಬೇಕಾಗಿಲ್ಲ.

ಪಕ್ಕದ ಮನೆಯ ಅಂಕಲ್ ತಮಾಷೆ ಮಾಡಿದರೂ ಅವರ ಲೆಕ್ಕ ಅತ್ಯಂತ ಸುಲಭ. ಐದು ನಾಯಿ, ತಲಾ 200 ಗ್ರಾಂ, 20 ಕೆ.ಜಿ. ಚೀಲ 20 ದಿನಕ್ಕೆ ಖಾಲಿ. ದೊಡ್ಡ ಚೀಲದ ಉಳಿತಾಯ ನಿಜವಾಗಿ ಸಿಗುವುದು ಅವರಿಗೇ. ಅಟ್ಟದ ದೊಡ್ಡ ಸ್ಟೀಲ್ ಡ್ರಮ್ಮು ಇಳಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಸ್ಟೋರಿನಿಂದ ದೂರ ಇಟ್ಟರೆ ಒಂದು ಪೈಸೆ ಖರ್ಚಿಲ್ಲ.

ಕಷ್ಟ ಇರುವುದು ನನ್ನಂಥವರಿಗೆ, ಕೊಡಗಿನಲ್ಲಿ ಇಂಥವರೇ ಹೆಚ್ಚು. ನಾಯಿಯ ಊಟ ಅನ್ನ, ಸಾರು, ಮೂಳೆ. ಮೇಲೆ ಒಂದು ಹಿಡಿ ಪೆಡಿಗ್ರಿ. ದಿನಕ್ಕೆ ನೂರು ಗ್ರಾಮೂ ಮುಗಿಯುವುದಿಲ್ಲ, ಚೀಲ ಮೂರು ತಿಂಗಳು ಕೂತಿರುತ್ತದೆ. ನಾಯಿ ದೊಡ್ಡದು ಎಂದು ದೊಡ್ಡ ಚೀಲ ತರುತ್ತೇವೆ, ತಪ್ಪುವುದು ಅಲ್ಲೇ. ಜೂನ್‌ನಿಂದ ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲ ವಾರದ ಕೊಡವರ ಹಬ್ಬ) ಕಳೆಯುವ ತನಕ 3 ಕೆ.ಜಿ.ಗಿಂತ ದೊಡ್ಡದು ತರಬೇಡಿ. ವಾರಕ್ಕೊಮ್ಮೆ ಪೇಟೆಗೆ ಹೋಗುವ ನಮಗೆ ಅದು ಕಷ್ಟವೂ ಅಲ್ಲ. ರಸ್ತೆ ಕಡಿಯುವ ಊರಿನವರು ಎರಡು 3 ಕೆ.ಜಿ. ಚೀಲ ತಂದು ಒಂದನ್ನು ಬಿಚ್ಚದೆ ಡಬ್ಬದ ತಳದಲ್ಲಿ ಇಡಬಹುದು. ಬಿಚ್ಚದ ಚೀಲ ಬೇಗ ಕೆಡುವುದಿಲ್ಲ.

ಹೋಮ್‌ಸ್ಟೇ ಇರುವವರು, ವಾರದ ದಿನ ಮನೆ ಕೆಲಸದವರ ಕೈಗೆ ಬಿಟ್ಟು ಹೋಗುವವರು ಡಬ್ಬಕ್ಕಿಂತ ಮೊದಲು ಒಂದು ಮಾರ್ಕರ್ ಪೆನ್ ತನ್ನಿ. ಚೀಲ ಬಿಚ್ಚಿದ ತಾರೀಕನ್ನು ಚೀಲದ ಮೇಲೇ ದಪ್ಪ ಅಕ್ಷರದಲ್ಲಿ ಬರೆದುಬಿಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬರುವವರಿಗೆ ಇನ್ನೊಂದು: ಏಪ್ರಿಲ್‌ನಲ್ಲಿ ಸಿಮೆಂಟ್ ಶೀಟಿನ ಶೆಡ್ಡು, ಕಾರಿನ ಡಿಕ್ಕಿ ಎರಡೂ ಒಲೆಯ ಮೇಲಿನ ಅಟ್ಟದ ಹಾಗೇ.

ನಾನು ವಾರಕ್ಕೊಮ್ಮೆ ಮಾಡುವುದು ಇಷ್ಟು. ಒಂದು ಕಾಳು ಮುರಿದು ನೋಡುತ್ತೇನೆ, ಸದ್ದು ಬರಬೇಕು. ಮೂಸುತ್ತೇನೆ, ಹೊಸ ಚೀಲದ ವಾಸನೆಯ ನೆನಪಿನ ಜೊತೆ ಹೋಲಿಸಿ. ಚೀಲದ ತಳದ ಎರಡು ಮೂಲೆಯನ್ನು ಹೊರಗಿನಿಂದ ಹಿಚುಕುತ್ತೇನೆ, ಉಂಡೆ ಕೈಗೆ ಸಿಗಬಾರದು. ಆಮೇಲೆ ಕೈ ತೊಳೆಯುತ್ತೇನೆ, ಒಣ ಫುಡ್ಡಿನಲ್ಲೂ ಸಾಲ್ಮೊನೆಲ್ಲಾ ಇರಬಹುದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಅನುಮಾನ ಬಂದರೆ ಕರಿಯನ ಮುಂದೆ ನಾಲ್ಕು ಕಾಳು ಇಟ್ಟು ನೋಡೋಣ ಎಂಬ ಆಸೆ ಹುಟ್ಟುತ್ತದೆ, ಹಾಗೆ ಮಾಡುವುದಿಲ್ಲ. ಕಮಟು ಅವನಿಗೆ ಗೊತ್ತಾಗುತ್ತದೆ, ಅಫ್ಲಟಾಕ್ಸಿನ್ನಿಗೆ ವಾಸನೆಯಿಲ್ಲ.

10 ಕೆ.ಜಿ. ಚೀಲಕ್ಕೆ ರಿಯಾಯಿತಿ ಇದೆ ಎಂದು ಅಂಗಡಿಯವರ ಮೆಸೇಜು ಈ ವಾರವೂ ಬಂದಿದೆ. ಡಿಸೆಂಬರಿಗೆ ಕಳಿಸಿ ಎಂದಿದ್ದೇನೆ.